ಹಿತ್ತಲ ಬಾಗಿಲಿನ ಗಾಳಿ

ಅಜಿತನ ಅವ್ವಾ,

ಇದು ನಿನಗೆ ನಾನು ಬರೆಯುತ್ತಿರುವ ಮೊದಲ ಪತ್ರ. ನೀನಿದ್ದಾಗ ಬರೆಯುವ ಪ್ರಸಂಗವೇ ಬರಲಿಲ್ಲವಲ್ಲ. ನಾನು ಮುಂಬಾಗಿಲ ಕಟ್ಟೆಯ ಮೇಲೆ, ನೀನು ಹಿತ್ತಲ ಬಾಗಿಲಲ್ಲಿ. ನಡುವೆ ಪಡಸಾಲೆ, ನಡುಮನೆ, ಅಡುಗೆಮನೆ. ಕೂಗಿದರೆ ಕೇಳುವಷ್ಟು ದೂರಕ್ಕೆ ಯಾರಾದರೂ ಅಂಚೆ ಹಾಕುತ್ತಾರೆಯೇ? ಬರೆದದ್ದೆಲ್ಲ ಬೇರೆಯವರಿಗೆ. ರಾಯಬಾಗದಲ್ಲಿರುವ ಮಗಳಿಗೆ, ಅಥಣಿಯ ತಂಗಿಗೆ, ಅಂಕಲಿಯ ನಿನ್ನ ತಮ್ಮನಿಗೆ. ಎಲ್ಲರ ಕೈಗೂ ಫೋನು ಬಂದ ಮೇಲೂ ನನ್ನ ಚಟ ಹೋಗಲಿಲ್ಲ. ಸಣ್ಣಂದಿನಲ್ಲಿ ಶಾಲೆ ಬಿಟ್ಟು ಎತ್ತಿನ ಹಿಂದೆ ಹೋದವನು, ಬೆಲ್ಲ ಕಟ್ಟಿ ತಂದ ಪೇಪರಿನ ತುಂಡು ಓದಿ ಓದಿ ಅಕ್ಷರ ಕೂಡಿಸಿಕೊಂಡವನು ನಾನು. ಹಾಗೆ ಕಲಿತದ್ದನ್ನು ಸುಮ್ಮನೆ ಬಿಡಲು ಮನಸ್ಸು ಬರುವುದಿಲ್ಲ.

ನಾನು ಬರೆಯಲು ಕೂತಾಗ ನೀನು ಮೆಂತ್ಯದ ಪಲ್ಯ ಸೋಸುತ್ತಾ, ಕಡ್ಡಿಯಿಂದ ಎಲೆ ಬಿಡಿಸುತ್ತಾ, ಪಕ್ಕದಲ್ಲೇ ಕೂತಿರುತ್ತಿದ್ದುದು ನೆನಪಿದೆಯಾ? ನಿನಗೆ ಓದಲು ಬಾರದು, ಬರೆದದ್ದನ್ನೆಲ್ಲ ನಾನು ಓದಿ ಹೇಳಬೇಕು. ಕೇಳಿ ಮುಗಿಸಿ, "ಕಡೀ ಸಾಲು ನಂದು, ಮರೀಬ್ಯಾಡ್ರಿ" ಅನ್ನುತ್ತಿದ್ದೆ. "ಏನಂತ ಹಾಕ್ಲಿ?" ಎಂದು ನಾನು ಬೇಕೆಂದೇ ಕೇಳುತ್ತಿದ್ದೆ. "ಹಿತ್ತಲ ಬಾಗ್ಲಾ ತಗದಿರ್ತೈತಿ, ಬರ್ರಿ ಅಂತ ಹಾಕ್ರಿ. ಪ್ರತೀ ಸಲಾ ಏನ್ ಕೇಳ್ತೀರಿ?" ಶೇಡಬಾಳಕ್ಕೆ ಬರುವ ಬಸ್ಸಿನ ರಸ್ತೆ ನಮ್ಮ ಹಿತ್ತಲಿನ ಬೆನ್ನಿಗೇ ಹಾದು ಹೋಗುತ್ತದೆ. ಬೀಗರು, ಮಕ್ಕಳು, ಮಳೆಗೆ ಸಿಕ್ಕಿಕೊಂಡ ದಾರಿಹೋಕರು, ಎಲ್ಲರೂ ಆ ಬಾಗಿಲಿನಿಂದ ಒಳಗೆ ಬಂದವರೇ. ಮುಂಬಾಗಿಲು ಊರವರಿಗೆ, ಹಿಂಬಾಗಿಲು ನಮ್ಮವರಿಗೆ ಎಂದು ಯಾರೂ ಹೇಳದೆಯೇ ಆಗಿಹೋಗಿತ್ತು.

ಈ ಪತ್ರವನ್ನು ಯಾವ ವಿಳಾಸಕ್ಕೆ ಹಾಕಲಿ ಎಂಬುದೇ ತಿಳಿಯುತ್ತಿಲ್ಲ. ಜೀವ ಒಂದು ದೇಹ ಬಿಟ್ಟ ಕೂಡಲೇ ಮತ್ತೊಂದು ಕಡೆ ಹುಟ್ಟುತ್ತದೆ ಎಂದು ನಾವಿಬ್ಬರೂ ಬಸದಿಯಲ್ಲಿ ಕೂತು ಕೇಳಿದವರು. ಹಾಗಾದರೆ ನೀನೀಗ ಎಲ್ಲೋ ಇದ್ದೀ. ಉಗಾರದಲ್ಲಿ ಯಾರದೋ ತೊಟ್ಟಿಲಲ್ಲಿ ಹಾಲಿಗೆ ಅಳುತ್ತಿದ್ದೀಯಾ? ಕಾಗವಾಡದ ಯಾವುದೋ ಬೇವಿನ ಗಿಡದಲ್ಲಿ ಗೂಡು ಕಟ್ಟುತ್ತಿದ್ದೀಯಾ? ಎಲ್ಲಿದ್ದರೂ ನಿನಗೆ ನಾನು ಯಾರೆಂದು ಗೊತ್ತಿರುವುದಿಲ್ಲ. ಅದನ್ನು ನೆನೆದರೆ... ಇರಲಿ ಬಿಡು. ಮನೆಯ ಸುದ್ದಿ ಹೇಳಬೇಕು, ಅದನ್ನು ಹೇಳುತ್ತೇನೆ.

ಬೇಸಗೆಯ ಮಧ್ಯಾಹ್ನ ನೀನು ನೀರು ತುಂಬಿಡುವ ಕಲ್ಲಿನ ದೋಣಿಯಲ್ಲಿ ಹಳೆಯ ನೂಲಿನ ಸೀರೆ ಅದ್ದಿ, ಅರ್ಧ ಹಿಂಡಿ, ಹಿತ್ತಲ ಬಾಗಿಲ ಚೌಕಟ್ಟಿಗೆ ಇಳಿಬಿಡುತ್ತಿದ್ದೆ. ಕಬ್ಬಿನ ಹೊಲದ ಮೇಲಿನಿಂದ ಬೆಂಕಿಯಂತೆ ಬರುವ ಪಡುವಣ ಗಾಳಿ ಆ ಸೀರೆಯನ್ನು ದಾಟುವಷ್ಟರಲ್ಲಿ ತಣ್ಣಗಾಗಿ, ಅಡುಗೆಮನೆ, ನಡುಮನೆ ಹಾದು, ಕಟ್ಟೆಯ ಮೇಲೆ ಮಲಗಿದ ನನ್ನ ಅಂಗಾಲಿಗೆ ತಾಗುತ್ತಿತ್ತು. ಹಸಿ ನೂಲಿನ ವಾಸನೆ ಅದರಲ್ಲಿ. ಎರಡೂ ಬಾಗಿಲು ಒಂದೇ ಸಾಲಿನಲ್ಲಿ ಇಟ್ಟ ನಮ್ಮ ಅಜ್ಜನಿಗೆ ನೀನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಗೆ ಹೋಗುತ್ತಿತ್ತು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಬಿಡುತ್ತಿದ್ದೆ. "ಅವುಕ್ಕೂ ತಮ್ಮ ಮನೀ ಇರ್ತೈತಿ" ಅನ್ನುತ್ತಿದ್ದೆ. ಬಾವಿಗೆ ಹೋಗುವುದೂ ಅದೇ ಬಾಗಿಲಿನಿಂದ.

ನೀನು ಹೋದದ್ದೂ ಅದೇ ಬಾಗಿಲಲ್ಲಿ. ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ನೀನು ಕೂತಿದ್ದೆ, ನಾನು ಇಲ್ಲಿ ಕಟ್ಟೆಯ ಮೇಲಿದ್ದೆ. ನೆಟ್ಟಗೆ ನೋಡಿದರೆ ನಿನ್ನ ಬೆನ್ನು ಕಾಣುತ್ತಿತ್ತು. "ಅಜಿತನ ಅವ್ವಾ, ಚೂರು ನೀರ ಕೊಡ" ಎಂದೆ. ಉತ್ತರವಿಲ್ಲ. ಗಾಳಿಗೆ ಕಣ್ಣು ಹತ್ತಿರಬೇಕು ಅಂದುಕೊಂಡೆ. ಅಡುಗೆಮನೆಯಿಂದ ಸೊಸೆ ಸುಜಾತಾ ನೀರು ತರಲು ಎದ್ದವಳು ನಿನ್ನ ಹತ್ತಿರ ಹೋಗಿ, ಬಾಗಿ, ಅಲ್ಲೇ ಕುಸಿದಳು. ಸೋಸಿದ ಪಲ್ಯ ಮೊರದಲ್ಲಿ, ಸೋಸದ ಕಟ್ಟು ನಿನ್ನ ಕೈಯಲ್ಲಿ. ಆ ನೀರನ್ನು ಆಮೇಲೆ ಯಾರು ಕೊಟ್ಟರು, ನಾನು ಕುಡಿದೆನೋ ಇಲ್ಲವೋ, ಒಂದೂ ನೆನಪಿಲ್ಲ.

ಆಮೇಲಿನದು ನಿನಗೆ ಗೊತ್ತಿಲ್ಲದ ಸುದ್ದಿ. ನಮ್ಮ ಮನೆಗೆ ಚೀನಾದ ವಾಸ್ತು ಬಂತು! ಸುಜಾತಾ ತವರಿಗೆಂದು ನಿಪ್ಪಾಣಿಗೆ ಹೋದವಳು ಒಂದು ಚೀಲ ತುಂಬಿಕೊಂಡು ಬಂದಳು. ಅದರ ಹೆಸರು ಫೆಂಗ್ ಶುಯಿ ಅಂತೆ. ಅಂದರೆ ಗಾಳಿ ಮತ್ತು ನೀರು. ಹೇಳು, ನೀನು ಬದುಕೆಲ್ಲ ಮಾಡಿದ್ದು ಆ ಎರಡರದೇ ಚಾಕರಿ ಅಲ್ಲವೇ? ಮನೆಯಲ್ಲಿ ಯಾವ ಸಾಮಾನು ಎಲ್ಲಿರಬೇಕು, ಬಾಗಿಲಿಗೆ ಎದುರಾಗಿ ಏನಿರಬಾರದು, ನೀರು ಎಲ್ಲಿ ನಿಲ್ಲಬೇಕು, ಎಲ್ಲಕ್ಕೂ ಅದರಲ್ಲಿ ಲೆಕ್ಕವಿದೆ. ಮೊಬೈಲಿನಲ್ಲಿ ಒಬ್ಬ ಹೆಂಗಸು, ಯಾರೋ ಬಾಯಿ, ಮರಾಠಿಯಲ್ಲಿ ಹೇಳುತ್ತಾಳೆ, ನಮ್ಮ ಸೊಸೆ ಕೇಳಿ ಕೇಳಿ ಮಾಡುತ್ತಾಳೆ.

ಚೀಲ ಬಿಚ್ಚಿದ ದಿನ ನಮ್ಮ ಬಡಿಗ ದಸ್ತಗೀರ ಕಟ್ಟೆಯ ಮೇಲಿದ್ದ. ಹೊಟ್ಟೆ ಬಿಟ್ಟುಕೊಂಡು ನಗುವ ಒಂದು ಬೊಂಬೆಯನ್ನು ಸುಜಾತಾ ಮುಂಬಾಗಿಲಿಗೆ ಎದುರಾಗಿ ಇಟ್ಟಳು.

"ಈ ಹೊಟ್ಟೀ ಸಾವ್ಕಾರ ಯಾರವಾ? ನಿಮ್ಮ ಬೀಗರ ಪೈಕಿ ಏನ?" ಎಂದ ದಸ್ತಗೀರ.

"ನಗೂ ಬುದ್ಧರೀ ಕಾಕಾ. ಬಾಗ್ಲಿಗಿ ಎದುರ ಇಟ್ರ ಮನ್ಯಾಗ ನಗು ಇರ್ತೈತಂತ."

"ಹಂಗಾರ ನಿಮ್ಮ ಮಾವನ ಎದುರಿಗಿ ಇಡ. ಈ ಮಾರಿ ನಕ್ಕಿದ್ದು ಯಾವಾಗೋ ಏನೋ, ನಂಗಂತೂ ನೆನಪಿಲ್ಲ."

ನನಗೆ ನಗು ಬಂತು. ನೀನು ಹೋದ ಮೇಲೆ ಅದೇ ಮೊದಲು. ಸುಜಾತಾ ಒಮ್ಮೆ ನನ್ನನ್ನು, ಒಮ್ಮೆ ಬೊಂಬೆಯನ್ನು ನೋಡಿ, "ನೋಡ್ರಿ, ನಡೀತು!" ಎಂದು ಚಪ್ಪಾಳೆ ತಟ್ಟಿದಳು. ಆಮೇಲೆ ಚೀಲದಿಂದ ಪ್ಲಾಸ್ಟಿಕ್ಕಿನ ಬಿದಿರು ಬಂತು, ಗಾಳಿಗೆ ಟಣಟಣ ಅನ್ನುವ ಕೊಳವೆಗಳ ತೋರಣ ಬಂತು. "ನೀರು ಕೇಳಂಗಿಲ್ಲ, ಒಣಗಂಗಿಲ್ಲ, ಇದು ಗಿಡಾನೋ ದೆವ್ವಾನೋ?" ಎಂದೆ. ಸುಜಾತಾಗೂ ನಗು. "ಅಂಗಡ್ಯಾವ ಮೀನಾನೂ ಒಯ್ಯಿರಿ ಅಂದಿದ್ದರಿ, ಮಾಮಾ. ಗಾಜಿನ ಪೆಟಗ್ಯಾಗ ಜೀವಂತ ಮೀನಾ ಹಾಕಿ ಇಟ್ರ ಅತ್ಯಾ ಅಲ್ಲಿಂದ ಎದ್ದ ಬರ್ತಾರ ಅಂತ ಬಿಟ್ಟ ಬಂದ್ನಿ." ನೀನು ಎದ್ದು ಬರುವ ಹಾಗಿದ್ದರೆ ನಾನೇ ಹೋಗಿ ಮೀನು ತರುತ್ತಿದ್ದೆನೇನೋ.

ಒಂದು ದಿನ ಬಸದಿಗೆ ಹೋಗಿ ಬರುವಷ್ಟರಲ್ಲಿ ನನ್ನ ಹೊರಸು ತಿರುಗಿತ್ತು. ಪಡಸಾಲೆಯಲ್ಲಿ ನಾನು ಯಾವಾಗಲೂ ಬಾಗಿಲ ಕಡೆ ಕಾಲು ಚಾಚಿ ಮಲಗುವವನಲ್ಲವೇ? ಈಗ ಕಾಲು ಗೋಡೆಗೆ. "ಯಾಕವಾ?" ಎಂದರೆ, "ಹಂಗ ಮಲಗಬಾರದ್ರಿ" ಎಂದಳು. "ಅದಽ ಯಾಕ?" "ಮಲಗಬಾರದು ಅಷ್ಟ, ಮಾಮಾ." ಮುಖ ತಿರುಗಿಸಿ ಒಳಗೆ ಹೋದಳು. ಮುದುಕನ ಹೊರಸು, ಯಾವ ಕಡೆ ತಿರುಗಿದರೇನು ಎಂದು ನಾನೂ ಸುಮ್ಮನಾದೆ.

ಆದರೆ ಹಿತ್ತಲ ಬಾಗಿಲು ಮುಚ್ಚಿದ ದಿನ ಸುಮ್ಮನಿರಲು ಆಗಲಿಲ್ಲ. ಅಜಿತ ಕಾರ್ಖಾನೆಗೆ ಹೋಗುವ ಮುಂಚೆ ಗಂಡ ಹೆಂಡತಿ ಸೇರಿ ಕಬ್ಬಿಣದ ಕಪಾಟು ಎಳೆದು ತಂದು ಆ ಬಾಗಿಲಿಗೆ ಅಡ್ಡ ನಿಲ್ಲಿಸಿದರು. ನೆಲದ ಕಲ್ಲಿನ ಮೇಲೆ ಅದು ಕಿರುಗುಟ್ಟಿದ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು.

"ಎದುರಾಬದುರ ಬಾಗ್ಲಾ ಇದ್ರ ಮುಂದಿಂದ ಬಂದದ್ದು ಹಿಂದಿಂದ ಹೋಗಿಬಿಡ್ತೈತಂತ್ರಿ ಮಾಮಾ. ಮನ್ಯಾಗ ಏನೂ ನಿಲ್ಲಂಗಿಲ್ಲಂತ."

"ಹೋಗೂದು ಗಾಳಿ ಅಲ್ಲೇನವಾ? ಹೋಗ್ಲಿ ಬಿಡ."

"ಗಾಳಿ ಅಷ್ಟ ಅಲ್ರಿ." ಸ್ವಲ್ಪ ತಡೆದು ಹೇಳಿದಳು, "ಅತ್ಯಾನೂ ದೀಪಾ ಹಚ್ಚೂ ಮುಂದ ಹಿತ್ತಲ ಬಾಗ್ಲಾ ಹಾಕ್ತಿದ್ರಲ್ರಿ. ಲಕ್ಷ್ಮಿ ಮುಂದಿಂದ ಬಂದು ಹಿಂದಿಂದ ಹೋಗಬಾರದು ಅಂತ. ಚೀನಾದವ್ರೂ ಅದನ್ನ ಹೇಳ್ಯಾರ."

ನಿನ್ನ ಹೆಸರಿನಲ್ಲಿ ಹೇಳಿದ ಮಾತಿಗೆ ನಾನು ಹೇಗೆ ಎದುರಾಡಲಿ? ಹೌದು, ನೀನು ಮುಚ್ಚುತ್ತಿದ್ದೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಹಿತ್ತಲ ಬಾಗಿಲು ಹಾಕಿ, ಮುಂಬಾಗಿಲು ತೆಗೆದು, ದೀಪ ಹಚ್ಚಿ ಕೈಮುಗಿದು, ಆ ಬತ್ತಿ ನೆಟ್ಟಗೆ ಉರಿಯತೊಡಗಿದ ಕೂಡಲೇ ಮತ್ತೆ ಹೋಗಿ ಹಿತ್ತಲ ಬಾಗಿಲು ತೆಗೆಯುತ್ತಿದ್ದೆ. "ಇಷ್ಟ ಲಗೂನ ತಗದ್ಯಲ್ಲ, ಲಕ್ಷ್ಮಿ ಓಡಿ ಹ್ವಾದಳು ಅಂದ್ರ?" ಎಂದು ನಾನು ಚುಡಾಯಿಸಿದರೆ, "ಆಕಿಗೂ ಗಾಳಿ ಬೇಕಲ್ರೀ. ಈ ಧಗ್ಯಾಗ ಬಾಗ್ಲಾ ಹಾಕಿದ್ರ ಇದ್ದಾಕಿನೂ ಎದ್ದ ಹೊಕ್ಕಾಳ" ಅನ್ನುತ್ತಿದ್ದೆ. ನೀನು ಚಣಹೊತ್ತು ಮಾಡಿದ್ದನ್ನು ಇವರು ಇಡೀ ದಿನಕ್ಕೆ ಮಾಡಿದರು. ತಪ್ಪು ಅಷ್ಟೇ. ಆದರೆ ಅದನ್ನು ಹೇಳಲು ಅವತ್ತು ನನಗೆ ಮಾತು ಕೂಡಿಬರಲಿಲ್ಲ.

ಕಟ್ಟೆಯ ಮೇಲಿಂದ ನೋಡಿದರೆ ಆ ತುದಿಯಲ್ಲಿ ಒಂದು ಬೆಳಕಿನ ಚೌಕ ಕಾಣುತ್ತಿತ್ತು ನೋಡು. ನೀನು ಹೋದ ಮೇಲೆ ಅದೇ ನನ್ನ ದಿನಚರಿಯಾಗಿತ್ತು. ಊಟವಾದ ಮೇಲೆ ಕೂತು ಆ ಚೌಕವನ್ನು ನೋಡುವುದು. ಅಲ್ಲಿ ಬಾಳೆ ಎಲೆಯ ನೆರಳು ಅಲುಗಿದರೆ ನೀನು ಸೆರಗು ಝಾಡಿಸಿದ ಹಾಗೆ. ಕಾಗೆ ಬಂದು ಕಲ್ಲಿನ ಮೇಲೆ ಕೂತರೆ, "ಹಾ ಹಾ" ಎಂದು ನೀನೀಗ ಅದನ್ನು ಎಬ್ಬಿಸುತ್ತೀ ಎಂದು ಕಾಯುವುದು. ಹುಚ್ಚು ಅಂತೀಯಾ? ಇರಬಹುದು. ಯಾರಿಗೆ ಹೇಳಲಿ ಇದನ್ನು? ಈಗ ಆ ಜಾಗದಲ್ಲಿ ಕಪಾಟಿನ ಕನ್ನಡಿ. ಅದರಲ್ಲಿ ದೂರದಲ್ಲಿ ಕಟ್ಟೆಯ ಮೇಲೆ ಒಬ್ಬ ಮುದುಕ ಕೂತದ್ದು ಕಾಣುತ್ತಿತ್ತು.

ಬಾಗಿಲು ಮುಚ್ಚಿದರೆ ಮುಚ್ಚುವುದು ಬಾಗಿಲು ಒಂದೇ ಅಂದುಕೊಂಡಿದ್ದೆ. ಹಿತ್ತಲಿಗೆ ಹೋಗಬೇಕಾದರೆ ಓಣಿ ಸುತ್ತಬೇಕು, ಹಾಗಾಗಿ ಯಾರೂ ಹೋಗಲಿಲ್ಲ. ಬಚ್ಚಲ ಕಾಲುವೆಯಲ್ಲಿ ಶಾಂಪೂ ಚೀಟಿ ಸಿಕ್ಕಿ, ನೀರು ಈಚೆ ನಿಂತು ಸೊಳ್ಳೆಯಾಯಿತು, ಆಚೆ ಬಾಳೆ ಒಣಗಿತು. ಕರಿಬೇವು ಎಲೆ ಉದುರಿಸಿತು. ತಿಪ್ಪೆಗೆ ಹೋಗುತ್ತಿದ್ದ ಕಾಯಿಪಲ್ಯದ ಸಿಪ್ಪೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಸಿಕೊಂಡು ಕಸದ ಗಾಡಿಗೆ ಹೋಯಿತು. ಬೇಸಗೆ ಬಂದಾಗ ಹೆಂಚಿನ ಕೆಳಗೆ ಮನೆ ಕಾದ ಹಂಚಾಯಿತು. ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಎರಚುತ್ತಿತ್ತು. ಅಜಿತ ಎ.ಸಿ. ಹಾಕಿಸುವ ಮಾತು ತೆಗೆದ. ಆ ಮೊಬೈಲಿನ ಬಾಯಿ ಮನೆಯಲ್ಲಿ ಹಸಿರಿರಬೇಕು, ನಲ್ಲಿ ಸೋರಬಾರದು, ಒಣಗಿದ ಗಿಡ ಇಡಬಾರದು ಅನ್ನುತ್ತಿದ್ದಳು. ಪ್ಲಾಸ್ಟಿಕ್ ಬಿದಿರು ಮಾತ್ರ ಧೂಳು ಹೊತ್ತುಕೊಂಡು ಹಸಿರಾಗಿಯೇ ನಿಂತಿತ್ತು.

ಕರೆಂಟು ಹೋದ ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಕೋಲು ಹಿಡಿದು ಓಣಿ ಸುತ್ತಿ ಹಿತ್ತಲಿಗೆ ಹೋದೆ. ನಿನ್ನ ಕಲ್ಲು ಹಾಗೇ ಇತ್ತು. ಅದರ ಮೇಲೆ ಕೂತು, ಮುಚ್ಚಿದ ಬಾಗಿಲಿಗೆ ಬೆನ್ನು ಆನಿಸಿದೆ. ಗಾಳಿ ಬಿಸಿಯಾಗಿತ್ತು, ಆದರೂ ಗಾಳಿ. ನೀನು ಕೂತು ಕೂತು ನುಣುಪಾದ ಕಲ್ಲು. ಕಣ್ಣು ಮುಚ್ಚಿದೆ. ಯಾವಾಗ ಜೊಂಪು ಹತ್ತಿತೋ ಗೊತ್ತಿಲ್ಲ.

ಎಚ್ಚರವಾದದ್ದು ಒಂದು ಕೂಗಿಗೆ. ಸುಜಾತಾ ಎರಡೂ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇಲ್ಲ, ಸೆರಗು ಎಲ್ಲೋ. "ಮಾಮಾ! ಮಾಮಾ!" ನಾನು ಕಣ್ಣು ಬಿಟ್ಟದ್ದೇ ತಡ, ನೆಲಕ್ಕೆ ಕೂತು ಅಳತೊಡಗಿದಳು. ನೀನು ಹೋದ ದಿನವೂ ಆ ಹುಡುಗಿ ಹಾಗೆ ಅತ್ತಿರಲಿಲ್ಲ. ಅವತ್ತು ಬಂದವರಿಗೆಲ್ಲ ಅವಳೇ ನೀರು ಕೊಟ್ಟು, ಅವಳೇ ಜಮಖಾನೆ ಹಾಸಿದವಳು.

"ಯಾಕವಾ? ಏನಾತು?"

"ಏನಾತು ಅಂತ ಕೇಳ್ತೀರಿ? ಹೊರಸಿನ್ಯಾಗ ಇಲ್ಲ, ಕಟ್ಟೀ ಮ್ಯಾಲ ಇಲ್ಲ. ಬಂದ ನೋಡಿದ್ರ ಇಲ್ಲೇ, ಅದ ಕಲ್ಲಿನ ಮ್ಯಾಲ, ಅತ್ಯಾ ಕುಂತಂಗ ಕುಂತೀರಿ. ನಾ ಏನಂತ ತಿಳೀಲಿ?" ಮೂಗು ಒರೆಸಿಕೊಂಡಳು. "ಅತ್ಯಾ ಈ ಬಾಗ್ಲಾಗ ಹ್ವಾದ್ರು. ನೀವೂ ದಿನಾ ಈ ಬಾಗ್ಲಾನ ನೋಡಕೋತ ಕುಂದರ್ತಿದ್ರಿ. ಊಟಾ ಇಲ್ಲ, ಮಾತಿಲ್ಲ. ಕಾಲೂ ಬಾಗ್ಲ ಕಡೇನ ಚಾಚಿ ಮಲಗತಿದ್ರಿ, ಹೆಣಾ ಮಲಗಿಸಿದಂಗ. ನೀವೂ ಹಿಂಗ ನೆಟ್ಟಗ ಎದ್ದ ಹೋಗಿಬಿಡ್ತೀರಿ ಅಂತ ನಂಗ ಅಂಜಿಕಿ ಆತು. ಅದಕ್ಕ ಹಾಕಿದ್ನಿ ಬಾಗ್ಲಾ. ಲಕ್ಷ್ಮೀನೂ ಇಲ್ಲ, ಏನೂ ಇಲ್ಲ. ನಿಮ್ಮನ್ನ ತಡಿಯಾಕ ಹಾಕಿದ್ನಿ."

ಅಜಿತನ ಅವ್ವಾ, ಆ ಮಾತು ಕೇಳಿ ನನ್ನ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳ ತಲೆಯ ಮೇಲೆ ಇಟ್ಟೆ. ನಾನು ಅವಳನ್ನು ಏನೆಲ್ಲ ಅಂದುಕೊಂಡಿದ್ದೆ! ಇವಳಿಗೆ ಅತ್ತೆಯ ಜಾಗ ಕಾಣದ ಹಾಗೆ ಮಾಡುವುದು ಬೇಕಾಗಿದೆ ಅಂದುಕೊಂಡಿದ್ದೆ. ಆ ಬೊಂಬೆ, ಆ ತೋರಣ, ತಿರುಗಿಸಿದ ಹೊರಸು, ಎಲ್ಲವೂ ನನ್ನ ಕೊರಳಿಗೆ ಕಟ್ಟಿದ ಹಗ್ಗವೇ ಆಗಿತ್ತೇ? ಎಳೆಕರು ತಪ್ಪಿಸಿಕೊಂಡು ಹೋಗಬಾರದು ಎಂದು ಕಟ್ಟುತ್ತಾರಲ್ಲ, ಹಾಗೆ. ನಾನೂ ಹೇಳಿದೆ. ಯಾರಿಗೂ ಹೇಳದ ಆ ಬೆಳಕಿನ ಚೌಕದ ಮಾತು ಹೇಳಿದೆ. "ನಾ ಹೋಗಾಕ ಆ ಬಾಗ್ಲಾ ನೋಡತಿದ್ದಿಲ್ಲವಾ. ಆಕೀನ ನೋಡತಿದ್ನಿ. ನೋಡಿದ್ರ ಒಂದ ದಿನಾ ದೂಡಾಕ ಬರ್ತಿತ್ತು." ಅವಳು ನಿನ್ನ ಕಲ್ಲಿನ ಪಕ್ಕದಲ್ಲಿ ಮಣ್ಣಿನಲ್ಲೇ ಕೂತಳು. ಇಬ್ಬರೂ ಒಣಗಿದ ಬಾಳೆಯನ್ನು ನೋಡುತ್ತಾ ಬಹಳ ಹೊತ್ತು ಕೂತೆವು. ನೀನು ಇದ್ದಿದ್ದರೆ, "ಇಬ್ರೂ ಕುಂತ ಅದನ್ನೇನ್ ನೋಡ್ತೀರಿ, ನೀರ ಬಿಡ್ರಿ" ಅನ್ನುತ್ತಿದ್ದೆ.

ಮರುದಿನ ಬೆಳಗ್ಗೆ ಅವಳೇ ಮೊಬೈಲು ಹಿಡಿದು ಬಂದಳು. "ಮಾಮಾ, ನಾ ಅರ್ಧಾನ ಕೇಳಿದ್ನಿ. ಬಾಗ್ಲಾ ಮುಚ್ಚರಿ ಅಂತ ಆ ಬಾಯಿ ಹೇಳೇ ಇಲ್ಲ. ಗಾಳಿ ಓಡಿ ಹೋಗಬಾರದು, ನಡಕೋತ ಹೋಗಬೇಕಂತ. ಎರಡೂ ಬಾಗ್ಲದ ನಡುವ ಒಂದ ಪಡದೆ ಬಿಟ್ರ ಸಾಕಂತ, ಗಿಡಾ ಇಟ್ರೂ ನಡೀತೈತಂತ. ಪಡದೇಕ ಏನ್ ಹಾಕೂಣು?"

ನಾನು ಎದ್ದು ಹೋಗಿ ನಿನ್ನ ಟ್ರಂಕು ತೆಗೆದೆ. ಹಸಿರು ಸೀರೆ, ಕರಿ ಅಂಚಿನದು. ಸವೆದು ಸವೆದು ಬೆಳಕು ಹಾದು ಕಾಣುವ ಅದೇ ಸೀರೆ. ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮೂಗಿಗೆ ಹಿಡಿದಳು. ಆಮೇಲೆ ದೋಣಿಗೆ ಹೋಗಿ ಅದ್ದಿದಳು. ಅರ್ಧವೇ ಹಿಂಡಿದಳು, ನಿನ್ನ ಹಾಗೆ. ನೋಡಿ ಕಲಿತಿದ್ದಾಳೆ, ಯಾವಾಗ ನೋಡಿದ್ದಳೋ.

ಕಪಾಟು ಸರಿಸಲು ಅಜಿತನ ಜೊತೆ ದಸ್ತಗೀರ ಬಂದ. "ಹಾಕಾಕೂ ನೀವ, ತಗ್ಯಾಕೂ ನೀವ. ಚೀನಾದವ್ರಿಗಿ ಕೂಲಿ ಕೇಳೂದೋ, ಶೇಡಬಾಳದವ್ರಿಗಿ ಕೇಳೂದೋ?" ಎಂದು ಬೈಯುತ್ತಲೇ ಕೈ ಹಚ್ಚಿದ. ಕದ ಎರಡೂ ಕಡೆ ಸರಿದಾಗ ಬಂದ ಗಾಳಿಗೆ ಕ್ಯಾಲೆಂಡರಿನ ಹಾಳೆಗಳೆಲ್ಲ ಒಮ್ಮೆಲೇ ಎದ್ದು ಕೂತವು. ಆ ಕೊಳವೆಯ ತೋರಣ ತಾಟು ಬಿದ್ದ ಹಾಗೆ ಸದ್ದು ಮಾಡಿತು. ಸುಜಾತಾಗೇ ಸಾಕಾಗಿ ಅದನ್ನು ಬಿಚ್ಚಿದಳು. ಅದರ ಬದಲು ಅಟ್ಟದ ಮೇಲಿಂದ ನಮ್ಮ ಎತ್ತುಗಳ ಕೊರಳ ಗಂಟೆ ಇಳಿಸಿ ಕಟ್ಟಿದ್ದಾಳೆ. ಗಾಳಿ ನಡೆದು ಬಂದರೆ ಗಂಟೆ ಸಣ್ಣಗೆ ಅಲುಗುತ್ತದೆ, ಎತ್ತು ಮೆಲುಕು ಹಾಕುತ್ತಾ ತಲೆ ಆಡಿಸಿದ ಹಾಗೆ. ಪ್ಲಾಸ್ಟಿಕ್ ಬಿದಿರನ್ನು ದಸ್ತಗೀರ ಹೊತ್ತೊಯ್ದ. "ನನ್ನ ಆಡೂ ಮೂಸಿ ಬಿಟ್ಟತು" ಎಂದು ಮರುದಿನ ವಾಪಸು ತಂದು ಕಟ್ಟೆಯ ಮೇಲೆ ಇಟ್ಟು ಹೋದ, ಆ ಪುಣ್ಯಾತ್ಮ!

ಬೊಂಬೆಯನ್ನು ಮಾತ್ರ ತೆಗೆಯಲು ನಾನೇ ಬಿಡಲಿಲ್ಲ. ಇರಲಿ, ನಗುತ್ತಾ ಕೂತಿದೆ ಪಾಪ. ಅದರ ಪಕ್ಕದಲ್ಲಿ ನಿನ್ನ ಹಿತ್ತಾಳೆ ಪಾತ್ರೆಯಲ್ಲಿ ಸೋಸಿದ ನೀರು, ಮೇಲೆ ಎರಡು ದಾಸವಾಳ. ಬಾಗಿಲ ಹತ್ತಿರ ನೀರಿರಬೇಕೆಂದು ಸುಜಾತಾಳ ಶಾಸ್ತ್ರ. ಸಂಜೆ ಆ ನೀರು ಕರಿಬೇವಿಗೆ ಹೋಗುತ್ತದೆ, ಅದು ನಿನ್ನ ಶಾಸ್ತ್ರ. ಒಂದು ಹನಿಯೂ ಜಗಳವಿಲ್ಲದೆ ಎರಡೂ ನಡೆಯುತ್ತವೆ. ಸೋರುವ ನಲ್ಲಿಯಿಂದ ಮನೆಯ ಐಶ್ವರ್ಯ ಹೋಗುತ್ತದೆ ಎಂದು ಅವಳು ವಾಷರ್ ಹಾಕಿಸಿದಳು. ಬಚ್ಚಲ ಕಾಲುವೆಯನ್ನು ಅಜಿತ ತೋಡಿದ, ಶಾಂಪೂ ಚೀಟಿ ಹಾಕಲು ಒಂದು ಡಬ್ಬಿ ಇಟ್ಟಿದ್ದಾರೆ. ಸಿಪ್ಪೆ ಮತ್ತೆ ತಿಪ್ಪೆಗೆ. ಕಬ್ಬಿನ ರವದಿ, ಆ ಒಣ ಗರಿ, ಸುಡುವ ಬದಲು ನಾಲ್ಕು ಹೊರೆ ತಂದು ಬಾಳೆಯ ಬುಡಕ್ಕೆ ಹಾಸಿದರು, ನೀನು ಹಾಸುತ್ತಿದ್ದ ಹಾಗೆಯೇ. ಎ.ಸಿ.ಯ ಮಾತು ಎಲ್ಲಿ ಹೋಯಿತೋ, ಅಜಿತ ಮತ್ತೆ ತೆಗೆಯಲಿಲ್ಲ. ಸೀರೆ ಒಣಗಿದಾಗೊಮ್ಮೆ ಯಾರು ಮೊದಲು ನೋಡುತ್ತಾರೋ ಅವರು ಅದ್ದಬೇಕು ಎಂದು ಮನೆಯಲ್ಲಿ ಕಾಯಿದೆಯಾಗಿದೆ.

ಒಂದು ವಿಷಯದಲ್ಲಿ ಸುಜಾತಾ ಸೋಲಲಿಲ್ಲ. ಹೊರಸು ಅವಳು ತಿರುಗಿಸಿದ ಹಾಗೆಯೇ ಇದೆ, ನನ್ನ ಕಾಲು ಗೋಡೆಗೇ. "ಅದೊಂದು ನನ್ನ ಮಾತ ಕೇಳ್ರಿ" ಎಂದಳು, ಕೇಳಿದೆ. ಹಿತ್ತಲ ಕಲ್ಲಿನ ಮೇಲೆ ನಾನು ಕೂರಬಹುದು, ಆದರೆ ಒಬ್ಬನೇ ಕೂರುವಂತಿಲ್ಲ. ಅವಳೋ ಅಜಿತನೋ ಪಕ್ಕದಲ್ಲಿರಬೇಕು. ಯಾರೂ ಇಲ್ಲದಿದ್ದರೆ ದಸ್ತಗೀರನನ್ನು ಕರೆಸುತ್ತಾಳೆ. ಅವನು ಬಂದು ನನ್ನ ತಲೆ ತಿನ್ನುತ್ತಾನೆ.

ಮೊನ್ನೆ ಸಂಜೆಯ ಮಾತು. ಊಟ ಮುಗಿದಿತ್ತು, ಹೊತ್ತು ಮುಳುಗುವುದರಲ್ಲಿತ್ತು. ನಾನು ಕಟ್ಟೆಯ ಮೇಲಿದ್ದೆ. ಸುಜಾತಾ ಹಿತ್ತಲ ಬಾಗಿಲು ಹಾಕಿದಳು, ದೀಪ ಹಚ್ಚಿದಳು, ಕೈಮುಗಿದಳು. ಬತ್ತಿ ನೆಟ್ಟಗಾದ ಕೂಡಲೇ ಹೋಗಿ ಬಾಗಿಲು ತೆಗೆದಳು. ಗಂಟೆ ಅಲುಗಿತು. ಹಸಿರು ಸೀರೆಯ ಆಚೆ, ಪಡುವಣದ ಕೆಂಪು ಬೆಳಕಿನಲ್ಲಿ, ಕಲ್ಲಿನ ಮೇಲೆ ಒಬ್ಬ ಹೆಂಗಸು ಬೆನ್ನು ಮಾಡಿ ಕೂತದ್ದು ಕಂಡಿತು. ತಲೆಯ ಮೇಲೆ ಸೆರಗು. ನನಗೆ ಏನಾಯಿತೋ, ಬಾಯಿಂದ ತಾನೇ ಬಂದುಬಿಟ್ಟಿತು: "ಅಜಿತನ ಅವ್ವಾ, ಚೂರು ನೀರ ಕೊಡ."

ಆ ತುದಿಯಲ್ಲಿ ಸದ್ದಿಲ್ಲ. ಆಮೇಲೆ ಸೀರೆ ಸರಿಯಿತು. ಸುಜಾತಾ ಏನೂ ತಿದ್ದಲಿಲ್ಲ, ಏನೂ ಕೇಳಲಿಲ್ಲ. "ತಂದ್ನಿ ಮಾಮಾ" ಎಂದಳು. ನಡುಮನೆ ದಾಟಿ ತಂಬಿಗೆ ಹಿಡಿದು ಬಂದು ನನ್ನ ಕೈಗೆ ಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಳು. ಆ ದಿನ ಕೇಳಿದ ನೀರು ಅದು. ಈಗ ಬಂತು. ತಣ್ಣಗಿತ್ತು.

ಇನ್ನು ಏನು ಉಳಿಯಿತು ಹೇಳಲು? ಬಾಳೆಯ ಹಳೆಯ ಗಿಡ ಉಳಿಯಲಿಲ್ಲ, ಆದರೆ ಬುಡದಿಂದ ಮರಿ ಎದ್ದಿದೆ. ಸುರುಳಿ ಬಿಚ್ಚಿದ ಎಲೆಯ ನೆರಳು ಮಧ್ಯಾಹ್ನ ಹೊಸ್ತಿಲವರೆಗೂ ಬರುತ್ತದೆ. ಕರಿಬೇವು ಚಿಗುರಿದೆ. ರಾಯಬಾಗದ ಮಗಳಿಗೆ ಇವತ್ತು ಬೆಳಗ್ಗೆ ಪತ್ರ ಬರೆದೆ, ಮಕ್ಕಳನ್ನು ಕರೆದುಕೊಂಡು ಬಾ ಎಂದು. ಮುಗಿಸಿ ಮಡಚುವಾಗ ಅಡುಗೆಮನೆಯಿಂದ ಸುಜಾತಾ ಕೂಗಿದಳು, "ಮಾಮಾ, ಅತ್ಯಾನ ಸಾಲು ಹಾಕಿದ್ರ್ಯಾ?" ನೀನಿಲ್ಲದೆ ಬರೆದ ಪತ್ರಗಳಿಗೆಲ್ಲ ನಾನು ಅದನ್ನು ಹಾಕಿರಲಿಲ್ಲ. ಬಿಚ್ಚಿ ಹಾಕಿದೆ.

ಹಾಕಿದ ಮೇಲೆ ಅನ್ನಿಸಿತು, ಆ ಸಾಲನ್ನು ಎಲ್ಲರಿಗೂ ಬರೆಸಿದೆ ನೀನು, ನಿನಗೆ ಅದನ್ನು ಯಾರೂ ಬರೆದಿಲ್ಲ ಎಂದು. ಅದಕ್ಕೇ ಈ ಕಾಗದ ತೆಗೆದುಕೊಂಡು ಕೂತೆ. ಯಾವ ತೊಟ್ಟಿಲಲ್ಲಿದ್ದೀಯೋ, ಯಾವ ಗಿಡದಲ್ಲಿದ್ದೀಯೋ. ಯಾವ ರೂಪದಲ್ಲಿ ಈ ರಸ್ತೆಯಲ್ಲಿ ಹಾದು ಹೋದರೂ ನಾವು ಗುರುತಿಸಲಿಕ್ಕಿಲ್ಲ, ನೀನೂ ಗುರುತಿಸಲಿಕ್ಕಿಲ್ಲ. ಆದರೂ ಬಿಸಿಲು ಜಾಸ್ತಿಯಾದರೆ, ನೀರಡಿಕೆಯಾದರೆ...

ಹಿತ್ತಲ ಬಾಗ್ಲಾ ತಗದಿರ್ತೈತಿ. ಬಾ.

ನಿನ್ನ,
ಅಜಿತನ ಅಪ್ಪ